ಬ್ರೇಕ್ ಪಳಗಿಸಿದ ಭಾನುವಾರ

ಬೈಕಿನ ಮುಂದಿನ ಚಕ್ರಕ್ಕೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿಕೊಂಡು ಸಾನಪಾಡಾದ ಗ್ಯಾರೇಜಿನಿಂದ ಹೊರಟಾಗ ಮೆಕ್ಯಾನಿಕ್, ಬ್ರೇಕನ್ನು ಈಗಲೇ ಜೋರಾಗಿ ಒತ್ತಬೇಡಿ ಎಂದು ಹಿಂದಿನಿಂದ ಕೂಗಿದ: "ಮೇಡಂ, ಅಭೀ ಜೋರ್ ಸೇ ಮತ್ ದಬಾನಾ!" ಮೊದಲ ಸಿಗ್ನಲ್ಲಿನಲ್ಲಿ ಮೆಲ್ಲಗೆ ಒತ್ತಿದರೆ ಬ್ರೇಕು ಹಿಡಿದೂ ಹಿಡಿಯದ ಹಾಗಿತ್ತು. ಹೊಸ ಡಿಸ್ಕು, ಹೊಸ ಪ್ಯಾಡು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವವರೆಗೆ ಹಾಗೆಯೇ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ತೆಗೆದುಕೊಂಡು, ಹದವಾಗಿ ಬ್ರೇಕ್ ಒತ್ತಿ ನಡಿಗೆಯ ವೇಗಕ್ಕೆ ತರಬೇಕು. ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸಬೇಕು. ಇದೇ ಆಟ ಮತ್ತೆ ಮತ್ತೆ.

ನಮ್ಮ ಕಡೆ ಖಾಲಿ ರಸ್ತೆ ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ. ಸೀವುಡ್ಸ್‌ನಲ್ಲಿ ಖಾಡಿಯ, ಅಂದರೆ ಸಮುದ್ರ ಒಳನುಗ್ಗಿದ ಹಿನ್ನೀರಿನ, ಕಡೆಗೆ ಹೋಗುವ ಒಂದು ರಸ್ತೆ ಆರಿಸಿಕೊಂಡು ಶುರು ಮಾಡಿದೆ. ವೇಗ ತಗ್ಗುವ ಜಾಗದಲ್ಲಿ ಒಂದು ಕಲ್ಲುಬೆಂಚು. ಅದರ ಮೇಲೆ ವಾಕಿಂಗ್ ಮುಗಿಸಿದ ವಯಸ್ಸಾದ ದಂಪತಿ. ನಾನು ಬರುವುದು, ನಿಧಾನವಾಗುವುದು, ಹೋಗುವುದು ನೋಡಿ ನೋಡಿ ಯಜಮಾನರಿಗೆ ತಡೆಯಲಾಗಲಿಲ್ಲ. ರಸ್ತೆಯಂಚಿಗೆ ಬಂದು, "ಬೇಟಾ, ಕ್ಲಚ್ ಧೀರೇ ಛೋಡೋ!" ಅಂದರು.

ಕಾಲೇಜಿನ ದಿನಗಳಿಂದ ಮೈಸೂರಿನಲ್ಲಿ ಬೈಕ್ ಓಡಿಸಿದವಳು ನಾನು, ನನಗೆ ಕ್ಲಚ್ ಮೆಲ್ಲಗೆ ಬಿಡುವ ಪಾಠ! "ಅಯ್ಯೋ ದೇವ್ರೇ!" ಅಂತ ಬಾಯಿಂದ ಬಂದೇಬಿಟ್ಟಿತು.

"ಕನ್ನಡದವ್ರೇನ್ರಿ!" ಅವರು ನನ್ನ ಪಕ್ಕದಲ್ಲೇ ದಾಪುಗಾಲು ಹಾಕತೊಡಗಿದರು.

"ಹೌದು ಸರ್. ನಿಲ್ಲೋ ಹಾಗಿಲ್ಲ, ಬ್ರೇಕ್ ಹೊಸದು, ಪಳಗಿಸ್ತಾ ಇದೀನಿ!" ಎಂದು ಹೊರಟುಬಿಟ್ಟೆ.

ಮುಂದಿನ ಸುತ್ತಿನಲ್ಲಿ ಅವರ ಹೆಂಡತಿಯೂ ಎದ್ದು ನಿಂತಿದ್ದರು. "ಅವ್ರಿಗೆ ಗಾಡಿ ಬರಂಗಿಲ್ರಿ, ಬರೇ ಮಾತು!"

ಅದರ ಮುಂದಿನದರಲ್ಲಿ ಆಕೆಯೇ, "ನಾ ಹೊಡೀತಿದ್ದೆ, ಧಾರವಾಡದಾಗ!"

"ಬೈಕಾ?" ಎಂದು ಕೇಳುವಷ್ಟರಲ್ಲಿ ದಾಟಿಹೋಗಿದ್ದೆ. ಉತ್ತರ ಸಿಕ್ಕಿದ್ದು ತಿರುಗಿ ಬಂದಾಗ: "ಹೂನ್ರಿ, ನಮ್ಮ ಅಣ್ಣಂದು!"

ಬ್ರೇಕು ಬೆರಳಿನ ಮಾತು ಕೇಳತೊಡಗಿತ್ತು. ಕಾದ ಡಿಸ್ಕ್ ಆರಲೆಂದು ಬ್ರೇಕ್ ಮುಟ್ಟದೆ ದೂರದವರೆಗೆ ಹೋಗಿ ಬಂದು, ಈ ಸಲ ಬೆಂಚಿನ ಮುಂದೆ ಗಟ್ಟಿಯಾಗಿ ನಿಲ್ಲಿಸಿದೆ. ಗಕ್ಕನೆ ನಿಂತಿತು. ಖುಷಿಗೆ ನಾನೇ ಚಪ್ಪಾಳೆ ತಟ್ಟಿದೆ, ಅವರಿಬ್ಬರೂ ತಟ್ಟಿದರು.

ಆಕೆ ಹತ್ತಿರ ಬಂದು ಹ್ಯಾಂಡಲ್ ಸವರಿದರು. "ಒಂದ್ ರೌಂಡ್ ಕೊಡ್ತೀರೇನ್ರಿ? ಲೈಸೆನ್ಸ್ ಐತಿ. ಮಗಳ ಸ್ಕೂಟರ್ ಈಗೂ ಹೊಡೀತೀನಿ. ಗೇರಿನ ಗಾಡಿ ಮುಟ್ಟಿ ಭಾಳ ವರ್ಷ ಆತು."

ಒಂದು ಕ್ಷಣ ಅನುಮಾನಿಸಿದೆ. ಆ ಮುಖ ನೋಡಿದ ಮೇಲೆ ಇಲ್ಲವೆನ್ನಲಾಗಲಿಲ್ಲ. ನನ್ನ ಹೆಲ್ಮೆಟ್ ಕೊಟ್ಟೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದರು. ಒಂದು ಸಲ ಇಂಜಿನ್ ಆಫ್ ಆಯಿತು. ಎರಡನೆಯ ಸಲ ಗಾಡಿ ಬೆಣ್ಣೆಯ ಹಾಗೆ ಹೊರಟಿತು.

"ಮದಿವಿ ಆದ ಹೊಸದಾಗ ಆಕಿ ನನಗ ಕಲಿಸಾಕ ನೋಡಿದ್ಲು," ಎಂದರು ಯಜಮಾನರು, ದೂರವಾಗುತ್ತಿದ್ದ ಬೈಕಿನಿಂದ ಕಣ್ಣು ತೆಗೆಯದೆ. "ನಾ ಗಟಾರದಾಗ ಬಿದ್ದೆ. ಅವತ್ತಿಂದ ಹಿಂದನ ಕುಂಡ್ರತಿದ್ದೆ."

"ಮತ್ತೆ ನಂಗೆ ಕ್ಲಚ್ ಹೇಳ್ಕೊಟ್ರಲ್ಲ ಸರ್?"

"ಆಕಿ ನನಗ ಹೇಳಿದ್ದನ್ನ ನಿಮಗ ಹೇಳಿದ್ನ್ರಿ!"

ಇಬ್ಬರೂ ನಗುತ್ತಿರುವಾಗಲೇ ಆಕೆ ತಿರುಗಿ ಬಂದು ನಮ್ಮೆದುರು ನಿಲ್ಲಿಸಿದರು. ಹೆಲ್ಮೆಟ್ಟಿನ ಗಾಜು ಎತ್ತಿದಾಗ ಮುಖ ಕೆಂಪಾಗಿತ್ತು. "ಬ್ರೇಕ್ ಚಲೋ ಹಿಡೀತಾವ್ರಿ," ಎಂದು ನನಗೆ ಹೇಳಿ, ಗಂಡನ ಕಡೆ ತಿರುಗಿ, "ಹತ್ರಿ," ಎಂದರು.

"ಹೆಲ್ಮೆಟ್ ಒಂದ ಐತಿ," ಎಂದು ಅವರು ಹಿಂದೆ ಸರಿದರು.

ಮುಂದಿನ ಭಾನುವಾರ ಪಕ್ಕದ ಮನೆಯವರ ಹೆಲ್ಮೆಟ್ಟನ್ನೂ ಕೇಳಿಕೊಂಡು ಹೋದೆ. ಖಾಡಿಯ ಗಾಳಿಯಲ್ಲಿ ಅವರಿಬ್ಬರೂ ಹೋಗುವುದನ್ನು ಬೆಂಚಿನ ಮೇಲೆ ಕೂತು ನೋಡಿದೆ. ಯಜಮಾನರ ಎರಡೂ ಕೈ ಹೆಂಡತಿಯ ಹೆಗಲ ಮೇಲಿದ್ದವು. ಹಿಂದಿನಿಂದ ಅವರು ಆಕೆಗೆ ಏನೋ ಹೇಳುತ್ತಲೇ ಇದ್ದರು.