ಹದಿನೈದನೆಯವರಿಗಾಗಿ ಕಾದ ಮೇಷ್ಟ್ರು

ಜರ್ಮನ್ ಮೇಷ್ಟ್ರಿಗೆ ತಲೆ ಸ್ವಲ್ಪ ಸರಿಯಿಲ್ಲ ಎಂದು ಬೀದಿಯವರೆಲ್ಲ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ಅವರಲ್ಲೊಬ್ಬ. ನಂಬದೆ ಏನು ಮಾಡುವುದು? ಕಾಲೇಜಿಗೆ ಹೋಗುತ್ತಾ ಬರುತ್ತಾ ಅವರು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಒಂದು ಸಲ ಕೇಳುವ ದನಿ, ಇನ್ನೊಂದು ಸಲ ಉತ್ತರ ಕೊಡುವ ದನಿ. ನಡುವೆ ತಪ್ಪೊಪ್ಪಿಕೊಂಡವರ ಹಾಗೆ ತಲೆ ಬಾಗಿಸುವುದು ಬೇರೆ. ಮನೆಯಲ್ಲಿ ಹೆಂಡತಿಯ ಎದುರು ಸೋತ ಜಗಳವನ್ನು ಬೀದಿಯಲ್ಲಿ ಗೆಲ್ಲುತ್ತಿದ್ದಾರೆ ಎಂದು ಔಷಧಿ ಅಂಗಡಿಯವನು ಹೇಳಿದ. ಅನುಭವಸ್ಥರ ಮಾತು, ಎಲ್ಲರೂ ಒಪ್ಪಿದೆವು.

ಆಮೇಲೆ ತಿಳಿಯಿತು, ಅವರು ಜರ್ಮನ್ ಮಾತಾಡುವ ಅಭ್ಯಾಸ ಮಾಡುತ್ತಿದ್ದರು. ಊರಲ್ಲಿ ಆ ಭಾಷೆ ಆಡುವ ಇನ್ನೊಂದು ನರಪಿಳ್ಳೆ ಇರಲಿಲ್ಲ. ಹಾಗಾಗಿ ಇಬ್ಬರ ಪಾಲಿನ ಮಾತನ್ನೂ ಅವರೊಬ್ಬರೇ ಆಡಬೇಕಿತ್ತು. ಆ ದೇಶದ ಮಣ್ಣು ಅವರು ಮೆಟ್ಟಿದ್ದೂ ಇಲ್ಲ. ಪಾಠ ಮಾಡುತ್ತಿದ್ದದ್ದು ಕಾಲೇಜಿನ ಆಟದ ಸಾಮಾನಿನ ಕೋಣೆಯಲ್ಲಿ. ಹರಿದ ಬಲೆಗಳನ್ನು ಮೂಲೆಗೆ ತಳ್ಳಿ, ಡಸ್ಟರನ್ನು ರೈಲ್ವೆ ಸ್ಟೇಷನ್ ಮಾಡಿ, ಸೀಮೆಸುಣ್ಣದ ಡಬ್ಬಿಯನ್ನು ಆಸ್ಪತ್ರೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಮಕ್ಕಳಿಂದ ದಾರಿ ಕೇಳಿಸುತ್ತಿದ್ದರು. ದಾರಿ ತಪ್ಪಿದವರನ್ನು ಬೈಯುತ್ತಿರಲಿಲ್ಲ. ಮತ್ತೆ ಕೇಳಿಸುತ್ತಿದ್ದರು, ಅಷ್ಟೆ.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಹೊಸ ಮಕ್ಕಳು ಸೇರುವ ವಾರ, ಆಯ್ಕೆ ವಿಷಯದ ಮೇಷ್ಟ್ರುಗಳೆಲ್ಲ ಉದ್ದನೆಯ ವರಾಂಡದಲ್ಲಿ ಮೇಜು ಹಾಕಿಕೊಂಡು, ಬಸ್ ಕಂಡಕ್ಟರುಗಳ ಹಾಗೆ ಜನರನ್ನು ಕೂಗಿ ಹತ್ತಿಸಿಕೊಳ್ಳಬೇಕು. ಹದಿನೈದು ಮಂದಿ ಹತ್ತದಿದ್ದರೆ ಆ ವರ್ಷ ಬಸ್ಸಿಲ್ಲ. ಈ ಸಲವೂ ತಪ್ಪಿದರೆ ಜರ್ಮನ್ ತರಗತಿ ಶಾಶ್ವತವಾಗಿ ಬಂದ್, ಮೇಷ್ಟ್ರು ಗುರುತಿನ ಚೀಟಿ ಹಂಚುವ ಕಿಟಕಿಗೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಕಿಟಕಿಯ ಕೆಲಸದಲ್ಲೂ ಸಂಬಳ ಅಷ್ಟೇ ಬರುತ್ತಿತ್ತು. ಆದರೆ ಆ ಭಾಷೆಯಲ್ಲಿ, ತಪ್ಪುತಪ್ಪಾಗಿಯಾದರೂ, ಉತ್ತರ ಕೊಡುವ ಒಂದು ಬಾಯಿಯೂ ಉಳಿಯುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಹೆಂಡತಿ ಅಂಗಿಯ ಗುಂಡಿ ಹೊಲಿಯುತ್ತಾ ಪಾಠ ಹೇಳಿಕೊಟ್ಟರು.

“ರೀ, ಇವತ್ತಾದರೂ ಕೇಳಿದ್ದಕ್ಕೆಲ್ಲ ಹೂಂ ಅನ್ನಿ. ಕೆಲಸ ಸಿಗುತ್ತಾ ಅಂದ್ರೆ ಸಿಗುತ್ತೆ. ಸುಲಭಾನಾ ಅಂದ್ರೆ ನೀರು ಕುಡಿದಷ್ಟು ಸುಲಭ.”

“ಸುಳ್ಳು ಹೇಳೋಕೂ ಶಕ್ತಿ ಬೇಕು ಕಣೇ. ಹೇಳಿದ್ದನ್ನೆಲ್ಲ ನೆನಪಿಟ್ಕೋಬೇಕು.”

“ಹಾಗಾದ್ರೆ ಕಿಟಕಿ ಹತ್ರ ಕೂತ್ಕೊಳ್ಳಿ, ಗಾಳಿ ಚೆನ್ನಾಗಿ ಬರುತ್ತೆ!” ಎಂದು ಆಕೆ ಹಲ್ಲಲ್ಲೇ ದಾರ ಕಡಿದರು.

ವರಾಂಡದಲ್ಲಿ ಪಕ್ಕದ ಮೇಜು ವ್ಯಕ್ತಿತ್ವ ವಿಕಸನದವರದು. ಅವರ ಕೈಯಲ್ಲಿ ಮೈಕು. “ನಾಯಕರಾಗಲು ಬನ್ನಿ!” ಭಾವೀ ನಾಯಕರ ಸಾಲು ಮೆಟ್ಟಿಲಿನವರೆಗೂ ಬೆಳೆದಿತ್ತು, ಎಲ್ಲರೂ ಮುಂದಿನವರ ಬೆನ್ನು ನೋಡುತ್ತಾ ನಿಂತಿದ್ದರು. ಪ್ರಿನ್ಸಿಪಾಲರು ಆಗಾಗ ಬಂದು, ಹಾಸಿಗೆ ಹಿಡಿದವರನ್ನು ವಿಚಾರಿಸುವ ಮುಖದಲ್ಲಿ “ಹೇಗಿದೆ ಸಾರ್?” ಎನ್ನುತ್ತಿದ್ದರು. ಅವರಿಗೂ ಸಂಕಟವೇ. ಕಾಲೇಜಿನ ಪ್ರಚಾರ ಪುಸ್ತಕದ ಮೇಲೆ ಭೂಗೋಳದ ಚಿತ್ರ ಹಾಕಿಸಿದ್ದರು, ಅದರ ಮರ್ಯಾದೆಗೆ ಒಂದು ವಿದೇಶಿ ಭಾಷೆ ಬೇಕಿತ್ತು.

ಮೇಜು ಮಡಚುವ ಹೊತ್ತಿಗೆ ಹದಿನಾಲ್ಕು ಹೆಸರು. ಆಗ ಒಬ್ಬ ತಂದೆ, ಮಗಳನ್ನು ಹಿಂದಿಟ್ಟುಕೊಂಡು ಬಂದರು. ಪ್ರಿನ್ಸಿಪಾಲರು ಓಡೋಡಿ ಬಂದು ಅವರ ಬೆನ್ನ ಹಿಂದೆ ನಿಂತರು.

“ಇದನ್ನ ಕಲಿತರೆ ಏನು ಸಿಗುತ್ತೆ ಸಾರ್?”

ವರ್ಷಗಟ್ಟಲೆ ಮಾಡಿದ್ದ ಭಾಷಣ ಮೇಷ್ಟ್ರ ಗಂಟಲವರೆಗೆ ಬಂತು. ಉದ್ಯೋಗ, ವಿಶಾಲ ಜಗತ್ತು, ಚುರುಕಾಗುವ ಮೆದುಳು. ಅಲ್ಲೇ ಸುಸ್ತಾಗಿ ಕೂತುಬಿಟ್ಟಿತು.

“ಮೊದಲನೇ ವರ್ಷ ಏನೂ ಸಿಗಲ್ಲ. ಸಣ್ಣ ಮಗು ಮಾತಾಡೋ ಹಾಗೆ ಮಾತಾಡ್ತಾಳೆ. ನೀರು ಬೇಕು, ದಾರಿ ಯಾವುದು, ನನಗೆ ಅರ್ಥ ಆಗಲಿಲ್ಲ. ಇಷ್ಟೇ.”

“ಅರ್ಥ ಆಗಲಿಲ್ಲ ಅನ್ನೋದಕ್ಕೆ ಕಾಲೇಜು ಬೇಕಾ?”

“ಬೇಕು ಸ್ವಾಮಿ. ಬೇರೆ ಕ್ಲಾಸುಗಳಲ್ಲಿ ಅರ್ಥ ಆಗದಿದ್ರೂ ತಲೆ ಆಡಿಸ್ತಾರೆ. ಇಲ್ಲಿ ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ರೆ ಮುಂದಿನ ಮಾತೇ ಹುಟ್ಟಲ್ಲ. ದೊಡ್ಡೋರಾದ ಮೇಲೆ ಇನ್ನೊಂದು ಸಲ ದಡ್ಡರಾಗೋ ಅವಕಾಶ, ಅದನ್ನೇ ನಾನು ಕಲಿಸೋದು.”

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ತಂದೆ ಮಗಳ ಭುಜ ಹಿಡಿದು, “ಬಾ ಪುಟ್ಟಿ, ಆ ಸಾಲಿಗೆ ಹೋಗೋಣ” ಎಂದರು.

ಪುಟ್ಟಿ ಆ ಸಾಲನ್ನು ಮೆಟ್ಟಿಲಿನವರೆಗೂ ನೋಡಿದಳು. “ಅಪ್ಪಾ, ಅಷ್ಟು ಜನರಲ್ಲಿ ನಾನು ಬಾಯಿ ತೆಗೆಯೋದು ಯಾವತ್ತು? ಇಲ್ಲಿ ತಪ್ಪು ಮಾತಾಡಿದ್ರೂ ಕೇಳಿಸ್ಕೊಳ್ಳೋಕೆ ಒಬ್ಬರಿದ್ದಾರೆ.” ಅಪ್ಪನ ಜೇಬಿನ ಪೆನ್ನನ್ನು ಕಿತ್ತುಕೊಂಡು ಸಹಿ ಹಾಕಿಯೇಬಿಟ್ಟಳು.

ಹದಿನೈದು! ಪ್ರಿನ್ಸಿಪಾಲರು ಭೂಗೋಳ ಉಳಿಯಿತೆಂದು ಉಸಿರು ಬಿಟ್ಟರು. ಮೇಷ್ಟ್ರು ಕುಣಿಯಬೇಕಿತ್ತು. ಆದರೆ ಅವರಿಗೆ ಮೊದಲು ನೆನಪಾದದ್ದು ಬೆಳಿಗ್ಗೆಯಿಂದ ನಿಂತ ಮೊಣಕಾಲು. ಆಮೇಲೆ ನೆನಪಾದದ್ದು, ಮತ್ತೆ ಮೊದಲನೇ ಪಾಠದಿಂದ ಶುರು ಮಾಡಬೇಕೆಂಬುದು. ಕುರ್ಚಿ ಎಳೆದುಕೊಂಡು ಕೂತು, ಹುಡುಗಿಯನ್ನು ನೋಡಿ ತುಸು ನಕ್ಕರು.

ತಂದೆ ಸೋಲೊಪ್ಪಿಕೊಂಡು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಆದರೂ ಮಗಳನ್ನು ಕೊಟ್ಟ ಮೇಲೆ ಏನಾದರೂ ಖಾತ್ರಿ ಬೇಡವೇ?

“ಆಯ್ತು ಸಾರ್. ಮೂರು ವರ್ಷ ಮುಗಿಯೋ ಹೊತ್ತಿಗೆ ಭಾಷೆ ಪೂರ್ತಿ ಬಂದುಬಿಡುತ್ತೆ ತಾನೆ?”

ಅವರ ಬೆನ್ನ ಹಿಂದೆ ಪ್ರಿನ್ಸಿಪಾಲರು, ಹೂಂ ಅನ್ನಿ ಹೂಂ ಅನ್ನಿ ಎಂದು ಕತ್ತು ಉಳುಕುವ ಹಾಗೆ ತಲೆ ಆಡಿಸುತ್ತಿದ್ದರು.

“ನನಗೇ ಇನ್ನೂ ಬಂದಿಲ್ಲ ಸ್ವಾಮಿ” ಎಂದರು ಮೇಷ್ಟ್ರು.