ರತ್ನಮ್ಮನವರ ರಿಜಿಸ್ಟರ್

ಶನಿವಾರ ಬೆಳಿಗ್ಗೆ, ದೇವರಾಜ ಮೊಹಲ್ಲಾದ ಬಾಡಿಗೆ ಪುಸ್ತಕದಂಗಡಿ.

ಗೆಳೆಯರೇ, ಯಾವುದೋ ಆ್ಯಪ್ ಕಂಪನಿಯವನೊಬ್ಬ ಬಂದು, ಯಾರು ಏನು ಓದುತ್ತಾರೆಂದು ಬರೆದಿಟ್ಟ ರಿಜಿಸ್ಟರಿನ ಫೋಟೊ ಕೇಳಿದ.

"ದೊಡ್ಡ ಕಂಪನಿ ನಮ್ದು, ಡೇಟಾ ಮಾರಲ್ಲ ಮೇಡಂ. ಅದನ್ನ ನೋಡ್ಕೊಂಡು ಅವರವರಿಗೆ ಜಾಹೀರಾತು ತೋರಿಸ್ತೀವಿ, ಅಷ್ಟೇ."

ಅಂಗಡಿಯ ರತ್ನಮ್ಮ ರಿಜಿಸ್ಟರ್ ಮುಚ್ಚಿ ಅದರ ಮೇಲೆ ಕೈಯಿಟ್ಟರು. "ಎಂಡ್ತಿ ಏನ್ ಓದ್ತಾಳೆ ಅಂತ ಗಂಡ ಬಂದು ಕೇಳಿದ್ರೂ ನಾನು ಬಾಯ್ ಬುಟ್ಟಿಲ್ಲ ಕಣಪ್ಪ. ನಿಂಗೆ ಹೇಳ್ತೀನಾ?"

ಕಪಾಟಿನ ಹಿಂದಿದ್ದ ನನಗೆ ಹೋದ ಜೀವ ಬಂದಂತಾಯಿತು. ಅನುವಾದಗಳನ್ನಷ್ಟೇ ಓದುವವನೆಂದು ನೀವು ನಂಬಿರುವ ನನ್ನ ಹೆಸರಿನ ಮುಂದೆ, ಈ ವರ್ಷವಿಡೀ ಇರುವುದು ಪತ್ತೇದಾರಿ ಕಾದಂಬರಿಗಳು. ಹೊರಡುವಾಗ ರತ್ನಮ್ಮನವರಿಗೆ ಕೈಮುಗಿದೆ.

ಅವರು ಕಾಪಾಡಿದ ಗುಟ್ಟನ್ನು ನಾನೇ ಇಲ್ಲಿ ಪುಕ್ಕಟೆ ಕೊಟ್ಟಿದ್ದೇನೆ. ಊಟವಾದ ಮೇಲೆ ಈ ಪೋಸ್ಟ್ ಅಳಿಸುವುದೆಂದು ತೀರ್ಮಾನಿಸಿದ್ದೇನೆ.