ಅವ್ವನಿಗೆಂದು ಕೊಂಡ ಮನೆ

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಅವಳಿಗೆ ಮೊಣಕಾಲು ಮುಟ್ಟುವ ಜಡೆ, ನನ್ನದು ಮೋಟು. ಅವಳು ಸಾರು ಮಾಡಿದರೆ ಎಲ್ಲರೂ ಕೈ ನೆಕ್ಕುತ್ತಾರೆ, ನಾನು ಮಾಡಿದರೆ 'ಪರವಾಗಿಲ್ಲ' ಅನ್ನುತ್ತಾರೆ. ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅವಳು ನನಗಿಂತ ಮೊದಲು ಸ್ವಂತ ಮನೆ ಕೊಂಡಳು ನೋಡಿ, ಗೃಹಪ್ರವೇಶದ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಎಂಥಾ ಮನೆ ಅಂತೀರಿ! ಎರಡು ಬೈಕು ಎದುರುಬದುರಾದರೆ ಒಂದು ಹಿಂದೆ ಹೋಗಬೇಕು, ಅಂಥ ಓಣಿ. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ಇವರ ಹಾಲಿನಲ್ಲಿ ಕೂತವರು ಸೀನಬೇಕು. ಆದರೂ ಅದು ಸ್ವಂತದ್ದು, ನಾನು ಇನ್ನೂ ಗುಬ್ಬಿಯಲ್ಲಿ ಬಾಡಿಗೆಗೆ ಇದ್ದೆ.

ನಾನು ಗುಬ್ಬಿಯಲ್ಲೇ ಟೀಚರ್. ನಮ್ಮನೆಯವರಿಗೆ ಕುಣಿಗಲ್ಲಿನಲ್ಲಿ ಆಫೀಸು. ಅಪ್ಪ ಹೋಗಿ ವರ್ಷವಾದ ಮೇಲೆ ಅವ್ವ ಹಾಗಲವಾಡಿಯ ತೆಂಗಿನ ತೋಟವನ್ನು ಗುತ್ತಿಗೆಗೆ ಕೊಟ್ಟು, "ಇನ್ಮೇಲೆ ನಿಮ್ಮಿಬ್ರಲ್ಲಿ ಯಾರ ಜೊತೆನಾದ್ರೂ ಇದ್ಬುಡ್ತೀನಿ ಕಣ್ರೇ" ಅಂದಳು. ನಮಗೆ ಅಣ್ಣತಮ್ಮಂದಿರಿಲ್ಲ. ಅವ್ವ ಇರುವುದು ನನ್ನ ಜೊತೆಗೇ ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ದೊಡ್ಡವಳು ನಾನು. ತಂಗಿಗೆ ಜಡೆಯೂ, ಸಾರೂ, ಮನೆಯೂ ಸಿಕ್ಕಿದೆ, ಅವ್ವನಾದರೂ ನನಗೆ ಸಿಗಬೇಕು.

ಸರಿ, ತುಮಕೂರಿನಲ್ಲಿ ಮನೆ ಹುಡುಕಲು ಶುರು ಮಾಡಿದೆವು. ಕೊನೆಗೆ ಎರಡು ಉಳಿದವು. ಒಂದು ಉಪ್ಪಾರಹಳ್ಳಿಯಲ್ಲೇ, ತಂಗಿಯ ಹಿಂದಿನ ಬೀದಿಯಲ್ಲಿ, ಹಳೆಯ ಮನೆ, ಎರಡೇ ರೂಮು. ಇನ್ನೊಂದು ಊರಾಚೆ ಕೋರದ ಕಡೆ, ಹೈವೇ ಬಿಟ್ಟು ಒಳಗೆ, ಹೊಸ ಲೇಔಟಿನಲ್ಲಿ. ಮೂರು ರೂಮು, ಹಾಲಿನಲ್ಲಿ ಮದುವೆ ಊಟ ಹಾಕಬಹುದು, ಮನೆಯ ಸುತ್ತ ತೆಂಗಿನ ಸಸಿ ನೆಡುವಷ್ಟು ಜಾಗ. ಬೆಲೆಯಲ್ಲಿ ಹೆಚ್ಚು ಕಮ್ಮಿ ಇರಲಿಲ್ಲ.

ನಮ್ಮನೆಯವರು ಸೀದಾ ಮನುಷ್ಯ. "ಉಪ್ಪಾರಹಳ್ಳಿಯಾದ್ರೆ ನಿಂಗೆ ಗುಬ್ಬಿಗೂ ಬಸ್ಸು ಹತ್ರ, ನಂಗೆ ಕುಣಿಗಲ್ಲಿಗೂ ಹತ್ರ. ಆ ಕೋರದಿಂದ ಇಬ್ರೂ ದಿನಾ ಉಲ್ಟಾ ದಿಕ್ಕಿಗೆ ಓಡ್ಬೇಕು. ತಲೆ ಕೆಟ್ಟಿದ್ಯೇನೇ?" ಅಂದರು.

ತಂಗಿಯೂ ಫೋನ್ ಮಾಡಿದಳು. "ಹಿಂದಿನ್ ಬೀದೀಲೇ ತಗೊಂಬುಡಕ್ಕ. ಅವ್ವ ಬೆಳಗ್ಗೆ ನಿಮ್ಮನೇಲಿ, ಸಾಯಂಕಾಲ ನಮ್ಮನೇಲಿ ಓಡಾಡ್ಕೊಂಡಿರ್ತಾಳೆ."

ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅಂದರೆ ಅವ್ವನನ್ನು ಪಾಲು ಮಾಡಿಕೊಳ್ಳಬೇಕು! ಅದೂ ಇವಳ ಮನೆಗಿಂತ ಚಿಕ್ಕ ಮನೆಯಲ್ಲಿ ಕೂತು, ಸಾಯಂಕಾಲವಾದರೆ ಅವ್ವ ಚಪ್ಪಲಿ ಮೆಟ್ಟಿ ಆ ಕಡೆ ಹೊರಡುವುದನ್ನು ನೋಡುತ್ತಾ? ಸಾಧ್ಯವೇ ಇಲ್ಲ. "ಅವ್ವ ಹಳ್ಳೀಲಿ ಬೆಳೆದವ್ಳು, ಅವ್ಳಿಗೆ ಬಯಲು ಬೇಕು, ಗಾಳಿ ಬೇಕು. ನಿಮ್ಮ ಓಣೀಲಿ ಉಸಿರು ಕಟ್ಟುತ್ತೆ" ಎಂದು ಫೋನ್ ಇಟ್ಟೆ. ನಮ್ಮನೆಯವರ ಮುಂದೆಯೂ ಇದನ್ನೇ ಹೇಳಿದೆ, ಕಣ್ಣೀರು ಹಾಕಿದೆ, ಗಂಟುಮೋರೆ ಹಾಕಿಕೊಂಡೆ, ಗೆದ್ದೆ. ಅವ್ವನನ್ನು ಮಾತ್ರ ಒಂದು ಮಾತು ಕೇಳಲಿಲ್ಲ.

ಕೋರದ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ತಂಗಿ ರೂಮು ರೂಮು ನೋಡಿಕೊಂಡು ಓಡಾಡಿದಳು. ಅವ್ವನ ರೂಮಿಗೆ ಅಂಟಿಕೊಂಡೇ ಬಾತ್‌ರೂಮು, ಕಿಟಕಿಯಿಂದ ಬೆಳಗಿನ ಬಿಸಿಲು. ತಂಗಿಯ ಮುಖ ಸ್ವಲ್ಪ ಬಾಡಿತು. ಅಬ್ಬಾ, ಅವತ್ತಿನ ಹೋಳಿಗೆಯನ್ನು ಮಾತ್ರ ನಾನು ತುಪ್ಪ ಹಾಕಿಕೊಂಡು ತಿಂದೆ.

ಅವ್ವ ಏನೂ ದೂರಲಿಲ್ಲ. ದಿನಾ ಬೆಳಗ್ಗೆ ಎದ್ದು ಗೇಟಿನ ಮುಂದೆ ನೀರು ಹಾಕಿ ದೊಡ್ಡ ರಂಗೋಲಿ ಬಿಡುತ್ತಿದ್ದಳು. ಅದನ್ನು ತುಳಿಯುವುದಕ್ಕೂ ಆ ರಸ್ತೆಯಲ್ಲಿ ಜನ ಇರಲಿಲ್ಲ. ಎಡಕ್ಕೆ ಖಾಲಿ ಸೈಟು, ಬಲಕ್ಕೆ ಖಾಲಿ ಸೈಟು, ಎದುರಿನ ಮನೆಗೆ ಬೀಗ. ನಾವಿಬ್ಬರೂ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಸಿಲಿಂಡರ್ ತಂದವನನ್ನು ಕೂರಿಸಿ, ಕಾಫಿ ಕೊಟ್ಟು, ಅವನ ಹೆಂಡತಿಯ ತವರೂರಿನ ತನಕ ವಿಚಾರಿಸಿದ್ದಳಂತೆ. ಊರಿನಲ್ಲಿ ಅವ್ವ ಹುಳಿ ಮಾಡಿದ ದಿನ ಒಂದು ಬಟ್ಟಲು ಪಕ್ಕದ ಮನೆಗೆ ಹೋಗಲೇಬೇಕು, ಆ ಬಟ್ಟಲು ಖಾಲಿ ವಾಪಸ್ ಬರಕೂಡದು, ಉಪ್ಪಿನಕಾಯಿಯೋ ನಾಲ್ಕು ನಿಂಬೆಹಣ್ಣೋ ಅದರಲ್ಲಿ ಇರಬೇಕು. ಇಲ್ಲಿ ಆ ಬಟ್ಟಲು ಫ್ರಿಜ್ಜಿಗೆ ಹೋಗುತ್ತಿತ್ತು.

ಒಂದು ಭಾನುವಾರ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು ಕೇಳಿದಳು: "ಯಾರ ಮೇಲೆ ಮುನಿಸ್ಕಂಡು ಇಲ್ಲಿ ಮನೆ ಮಾಡಿದ್ರೇ?"

"ಮುನಿಸಾ? ನಿಂಗೆ ಗಾಳಿ ಬೆಳಕು ಬೇಕು ಅಂತ ಕಣವ್ವ. ತೋಟದಲ್ಲಿ ಬೆಳೆದವ್ಳು ನೀನು."

"ತೋಟಕ್ಕೆ ಗೇಯಕ್ ಹೋಗ್ತಿದ್ದೆ ಕಣೇ. ಬಾಳಿದ್ದು ಊರೊಳಗೆ. ಗೋಡೆ ಆಚೆ ನಿಮ್ ದೊಡ್ಡಮ್ಮ ಕೆಮ್ಮಿದ್ರೆ ಈಚೆಯಿಂದ ಶುಂಠಿ ಕಷಾಯ ಕಳಿಸ್ತಿರ್ಲಿಲ್ವಾ? ನಮ್ ಕಡೆ ಅಣ್ಣತಮ್ಮಂದ್ರ ಜೊತೆ ಜಗಳ ಆಡ್ಕಂಡೋರು ತಾನೇ ತೋಟದಾಗೆ ಒಂಟಿ ಮನೆ ಕಟ್ಕಳದು?"

ಹಾಗಲವಾಡಿಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೋಡೆಗೆ ಗೋಡೆ ಅಂಟಿಕೊಂಡ ಕೇರಿಯಲ್ಲೇ ಅಲ್ಲವೇ ನಾನೂ ತಂಗಿಯೂ ಒಂದೇ ಚಾಪೆಯ ಮೇಲೆ ಮಲಗಿದ್ದು? ಮರುವಾರ ಅವ್ವ, "ನಾಕ್ ದಿನ ಚಿಕ್ಕೋಳ ಮನೇಲಿ ಇದ್ಬತ್ತೀನಿ" ಎಂದು ಒಂದು ಬ್ಯಾಗು ಹಿಡಿದು ಹೊರಟಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ.

ತಡೆಯಲಾರದೆ ಒಂದು ದಿನ ಸ್ಕೂಲು ಬಿಟ್ಟವಳೇ ಗುಬ್ಬಿಯಿಂದ ಸೀದಾ ಉಪ್ಪಾರಹಳ್ಳಿಗೆ ಹೋದೆ. ಓಣಿಯಲ್ಲಿ ತಂಗಿಯ ಮನೆಯ ಮೆಟ್ಟಿಲ ಮೇಲೆ ಅವ್ವ ಕಾಲು ಚಾಚಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಸುತ್ತ ಕೂತಿದ್ದರು. ಯಾರದೋ ಮಗು ಅವಳ ತೊಡೆಯ ಮೇಲಿತ್ತು. ಅವ್ವ ಏನೋ ಹೇಳಿದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಮನೆಯಲ್ಲಿ ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಂಗಿಯ ಮೇಲೆ ಮಾತ್ರವಲ್ಲ, ಆ ಓಣಿಯ ಮೇಲೆ, ಆ ಮೆಟ್ಟಿಲ ಮೇಲೆ, ಹೆಸರೇ ಗೊತ್ತಿಲ್ಲದ ಆ ಹೆಂಗಸರ ಮೇಲೆ, ಆ ಸಿಂಬಳ ಸುರಿಸುವ ಮಗುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

"ಇವ್ಳೇ ನನ್ ದೊಡ್ಡ ಮಗ್ಳು. ಬಂಗ್ಲೆ ಇದ್ದಂಗೈತೆ ಇವ್ಳ ಮನೆ" ಎಂದು ಅವ್ವ ಹೆಮ್ಮೆಯಿಂದಲೇ ಹೇಳಿದಳು. ಹೆಂಗಸರು ಸರಿದು ಜಾಗ ಬಿಟ್ಟರು. ನಾನು ಕೂರಲಿಲ್ಲ.

"ಅವ್ವ, ನಡಿ ಹೋಗಣ. ನಿನ್ ರೂಮು ಹಂಗೇ ಇದೆ. ಆ ರೂಮು ನೋಡೇ ನಾನು ಮನೆ ತಗೊಂಡಿದ್ದು."

ಅವ್ವ ದಾರಕ್ಕೆ ಗಂಟು ಹಾಕಿ ತಲೆಯೆತ್ತಿದಳು. "ನಂಗೋಸ್ಕರ ತಗೊಂಡ್ಯಾ, ಇಲ್ಲ ಇವ್ಳಿಗೆ ತೋರ್ಸಕ್ಕೆ ತಗೊಂಡ್ಯಾ?"

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ತಂಗಿ ತಕ್ಷಣ ಒಳಗೆ ತಿರುಗಿದಳು. ನಕ್ಕಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಅವಳು ನಗಲಿಲ್ಲ.

"ಯಾವತ್ತು ಬರ್ತೀಯಾ ಹೇಳು" ಅಂದೆ.

ಅವ್ವನಿಗೆ ನನ್ನ ಮೇಲೆ ಕೋಪವೇನೂ ಇರಲಿಲ್ಲ. ಕಟ್ಟಿದ ಹೂವಿನಲ್ಲಿ ಒಂದು ಮೊಳ ಹರಿದು ನನ್ನ ಮೋಟು ಜಡೆಗೆ ಮುಡಿಸಿ, ಕೆನ್ನೆ ಸವರಿ, "ಹಬ್ಬಕ್ಕೆ ಬತ್ತೀನಿ ಬುಡು ಮಗ" ಅಂದಳು.

ಹಬ್ಬಕ್ಕೆ ಬರುವವರು ನೆಂಟರು. ನನ್ನ ಅವ್ವ ನನ್ನ ಮನೆಗೆ ನೆಂಟಳಾಗಿದ್ದಳು.